‘ಬ್ರ್ಯಾಂಡ್‌ಗೆ ಪೇಟೆಂಟ್ ಮಾಡಿಸಿಕೊಡ್ತೀವಿ’ ಅನ್ನೋರು ಫೋನ್ ಮಾಡಿದರೆ

ಬೆಂಗಳೂರಿನಲ್ಲಿ ಮನೆಯಲ್ಲೇ ಸಾರಿನ ಪುಡಿ, ಉಪ್ಪಿನಕಾಯಿ, ಸೋಪು ಅಂತ ಏನಾದರೂ ಮಾಡಿ ಮಾರುವವರು ಇದನ್ನು ಓದಿ. ಟ್ರೇಡ್‌ಮಾರ್ಕ್ ಮಾಡಿಸಿಕೊಡುತ್ತೇನೆ ಅಂತ ದುಡ್ಡು ತಗೊಂಡ ಒಬ್ಬ ಏಜೆಂಟ್ ನನ್ನ ಅಕ್ಕನನ್ನು ನಡುನೀರಿನಲ್ಲಿ ಕೈಬಿಟ್ಟ. ಅವನ ಹೆಸರು ಬೇಡ. ಇಂಥವರು ಒಬ್ಬಿಬ್ಬರಲ್ಲ, ಅವರ ವರಸೆ ಗೊತ್ತಿದ್ದರೆ ಸಾಕು.

ಅಕ್ಕ 2017ರಿಂದ ಬೆಂಗಳೂರಿನ ಶ್ರೀನಗರದ ಮನೆಯಲ್ಲಿ ಸಾರಿನ ಪುಡಿ, ಚಟ್ನಿಪುಡಿ ಮಾಡುತ್ತಾಳೆ. ಗಾಂಧಿ ಬಜಾರಿನ ಅಂಗಡಿಗಳಿಗೆ ಹೋಗುತ್ತದೆ. ಒಂದು ದಿನ ಫೋನ್ ಬಂತು. "ಮೇಡಂ, ನಿಮ್ಮ ಬ್ರ್ಯಾಂಡ್‌ಗೆ ಪೇಟೆಂಟ್ ಮಾಡಿಸಿಕೊಡ್ತೀವಿ. ಮೂರೇ ದಿನ."

ಇಷ್ಟರಲ್ಲೇ ಎರಡು ಸುಳ್ಳು. ಹೆಸರಿಗೆ, ಲೋಗೋಗೆ ಸಿಗುವುದು ಟ್ರೇಡ್‌ಮಾರ್ಕ್. ಪೇಟೆಂಟ್ ಹೊಸ ಆವಿಷ್ಕಾರಕ್ಕೆ, ಅದೂ ಅರ್ಜಿ ಹಾಕಿದ ದಿನದಿಂದ 20 ವರ್ಷ ಮಾತ್ರ. ಟ್ರೇಡ್‌ಮಾರ್ಕನ್ನು 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು. ಇನ್ನು ಮೂರು ದಿನದಲ್ಲಿ ಕೈಗೆ ಬರುವುದು ಅರ್ಜಿ ನಂಬರ್ ಅಷ್ಟೇ. ಅರ್ಜಿಯ ಪರಿಶೀಲನೆ ಆಗಬೇಕು, ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗಬೇಕು, ಆಮೇಲೂ 4 ತಿಂಗಳು ಯಾರು ಬೇಕಾದರೂ ತಕರಾರು ಹಾಕಬಹುದು. ಮೂರು ದಿನದಲ್ಲಿ ರಿಜಿಸ್ಟ್ರೇಷನ್ ಎಲ್ಲಿಂದ ಬರುತ್ತೆ?

ಆದರೂ ಅವನು ಆ ನಂಬರಿನ ರಸೀದಿ ಕೊಟ್ಟು, "ಇನ್ನು ಪ್ಯಾಕೆಟ್ ಮೇಲೆ ವೃತ್ತದೊಳಗಿನ ಆರ್ ಹಾಕಿಸಿ" ಅಂದ. ಅದು ರಿಜಿಸ್ಟರ್ ಆದವರಿಗೆ ಮಾತ್ರ. ಆಗುವ ಮೊದಲೇ ಹಾಕಿದರೆ ಕಾನೂನು ಪ್ರಕಾರ ತಪ್ಪು. ‘ಟಿಎಂ’ ಅಂತ ಹಾಕಲು ಯಾರ ಅಡ್ಡಿಯೂ ಇಲ್ಲ. ಅಕ್ಕ ಪಾಪ, ಲೇಬಲ್ ಎಲ್ಲ ಹೊಸದಾಗಿ ಪ್ರಿಂಟ್ ಮಾಡಿಸಿದಳು.

ಸರ್ಕಾರಿ ಶುಲ್ಕ ಅಂತ 9,000 ತಗೊಂಡಿದ್ದ. ಅಕ್ಕನಂಥ ಒಬ್ಬರೇ ನಡೆಸುವ ವ್ಯಾಪಾರಕ್ಕೆ ಆನ್‌ಲೈನಿನಲ್ಲಿ ಒಂದು ಕ್ಲಾಸಿಗೆ, ಅಂದರೆ ಸರಕಿನ ಒಂದು ವರ್ಗಕ್ಕೆ, ಶುಲ್ಕ 4,500. ದೊಡ್ಡ ಕಂಪನಿಗಳಿಗೆ 9,000. ಕಟ್ಟಿದ್ದು ಎಷ್ಟು, ಜೇಬಿಗೆ ಹೋಗಿದ್ದು ಎಷ್ಟು ಅಂತ ತಿಳಿಯಬೇಕಾದರೆ ಸರ್ಕಾರದ ರಸೀದಿಯನ್ನೇ ಕೇಳಬೇಕು. ಏಜೆಂಟಿನ ಬಿಲ್ ಸಾಲದು.

ದುಡ್ಡು ಹೋದರೆ ಹೋಗಲಿ, ನಿಜವಾದ ಪೆಟ್ಟು ಬಿದ್ದಿದ್ದು ಅರ್ಜಿಯಲ್ಲಿ. ಸಂಪರ್ಕದ ಇಮೇಲ್, ಮೊಬೈಲ್ ಎರಡೂ ಅವನದ್ದೇ. ಪುಡಿಗಳು ಸೇರುವ 30ನೇ ಕ್ಲಾಸಿನಲ್ಲೇ ಇಂಥದೇ ಹೆಸರು ಇನ್ನೊಬ್ಬರದ್ದು ಇದೆ ಅಂತ ಟ್ರೇಡ್‌ಮಾರ್ಕ್ ಕಚೇರಿಯಿಂದ ಆಕ್ಷೇಪಣೆ ಬಂದಿತ್ತು. ಉತ್ತರ ಕೊಡಲು ಒಂದು ತಿಂಗಳು ಗಡುವು. ಆ ಪತ್ರ ಅವನ ಇಮೇಲ್‌ನಲ್ಲೇ ಕೂತಿತು. ಅಕ್ಕ ಫೋನ್ ಮಾಡಿದಾಗಲೆಲ್ಲ "ಪ್ರೋಸೆಸ್‌ನಲ್ಲಿದೆ ಮೇಡಂ" ಅನ್ನೋನು. ಕೊನೆಗೆ ನಾನು ಸರ್ಕಾರದ ಐಪಿ ಇಂಡಿಯಾ ವೆಬ್‌ಸೈಟಿನಲ್ಲಿ ಅರ್ಜಿ ನಂಬರ್ ಹಾಕಿ ನೋಡಿದೆ. ಸ್ಟೇಟಸ್: ‘ಅಬ್ಯಾಂಡನ್ಡ್’, ಅಂದರೆ ಅರ್ಜಿ ಕೈಬಿಟ್ಟಿದ್ದಾರೆ ಅಂತ. ಆಕ್ಷೇಪಣೆ ಪತ್ರವೂ ಅಲ್ಲೇ ಇತ್ತು. ಇದನ್ನೆಲ್ಲ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು.

ಅರ್ಜಿಯ ಇನ್ನೊಂದು ಸಾಲು ನೋಡಿ ಮೈ ಉರಿದುಹೋಯಿತು. ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಅನ್ನುವ ಕಡೆ ‘ಮುಂದೆ ಬಳಸುವ ಉದ್ದೇಶ’ ಅಂತ ಹಾಕಿದ್ದ. 2017ರ ಬಿಲ್ಲುಗಳು ಅಕ್ಕನ ಡಬ್ಬಿಯಲ್ಲಿ ಕಟ್ಟುಗಟ್ಟಲೆ ಇವೆ! ನಮ್ಮ ಕಾನೂನಿನಲ್ಲಿ ಮೊದಲು ಬಳಸಿದವರಿಗೆ ಬಲ ಜಾಸ್ತಿ, ಆಕ್ಷೇಪಣೆಗೂ ಅದೇ ಒಳ್ಳೆಯ ಉತ್ತರ. ಮೊದಲಿನಿಂದಲೂ ಬಳಸುತ್ತಿದ್ದೇವೆ ಅಂತ ಹಾಕಿದರೆ ಅಫಿಡವಿಟ್, ಬಿಲ್ ಎಲ್ಲ ಜೊತೆಗೆ ಕೊಡಬೇಕು. ಆ ಕೆಲಸ ತಪ್ಪಿಸಿಕೊಳ್ಳಲು ಸುಮ್ನೆ ಹೀಗೆ ಗೀಚಿದ್ದಾನೆ ಅಂತ ನನ್ನ ಅನುಮಾನ.

ಈಗ ಬೇರೆ ವಕೀಲರ ಮೂಲಕ ಹೊಸ ಅರ್ಜಿ ಹಾಕಿದ್ದೇವೆ, ಬಿಲ್ಲುಗಳ ಸಮೇತ, ಅಕ್ಕನದೇ ಇಮೇಲ್ ಕೊಟ್ಟು. ಸಲ್ಲಿಸುವ ಮುಂಚೆ ಪಿಡಿಎಫ್ ತರಿಸಿಕೊಂಡು ಅರ್ಜಿದಾರರ ಹೆಸರು, ಇಮೇಲ್, ಕ್ಲಾಸ್, ಬಳಕೆಯ ತಾರೀಕು ನಾಲ್ಕನ್ನೂ ಓದಿದೆವು. ನೀವೂ ಓದದೆ ಸಹಿ ಹಾಕಬೇಡಿ.

ಇನ್ನೊಂದು. ಅರ್ಜಿ ಹಾಕಿದ ಮೇಲೆ ನಿಮ್ಮ ವಿಳಾಸ ಸಾರ್ವಜನಿಕವಾಗುತ್ತದೆ. ಮೊಹರು, ಲಾಂಛನ ಹಾಕಿ ‘ಪ್ರಕಟಣೆ ಶುಲ್ಕ ಕಟ್ಟಿ’ ಅನ್ನುವ ಪತ್ರಗಳು ಬರಬಹುದು. ಕರ್ನಾಟಕದ ಟ್ರೇಡ್‌ಮಾರ್ಕ್ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಅಲ್ಲಿಂದ ಬರಬೇಕಾದ್ದೇನಿದ್ದರೂ ಅದೇ ವೆಬ್‌ಸೈಟಿನಲ್ಲಿ ನಿಮ್ಮ ಅರ್ಜಿ ನಂಬರಿನ ಕೆಳಗೆ ಕಾಣಬೇಕು. ಅಲ್ಲಿ ಇಲ್ಲದ ಪತ್ರಕ್ಕೆ ಒಂದು ಪೈಸೆಯನ್ನೂ ಕಳಿಸಬೇಡಿ.