ಕಾಸರಗೋಡಿನಲ್ಲಿ ಹೆರಿಗೆ: ಮನೆಯೋ, ಊರಿನ ಆಸ್ಪತ್ರೆಯೋ, ಮಂಗಳೂರೋ?

ಏಳು ತಿಂಗಳು ತುಂಬಿದರೆ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಚರ್ಚೆ ಶುರುವಾಗುತ್ತದೆ: ಹೆರಿಗೆ ಇಲ್ಲೇ ಆಗಲೋ, ಮಂಗಳೂರಿಗೆ ಹೋಗುವುದೋ? ಈಚೆಗೆ ಕೆಲವರು ಮನೆಯಲ್ಲೇ ಆದರೇನು ಎಂದೂ ಕೇಳುತ್ತಾರೆ. ಅಜ್ಜಿಯಂದಿರ ಹೆರಿಗೆಯನ್ನು ಸೂಲಗಿತ್ತಿಯೇ ಮಾಡಿಸಿದ್ದಲ್ಲವೇ ಎಂಬುದು ಒಂದು ಮಾತು, ಆಸ್ಪತ್ರೆಗೆ ಹೋದರೆ ಕೊಯ್ದೇ ತೆಗೆಯುತ್ತಾರೆ ಎಂಬುದು ಇನ್ನೊಂದು. ಮನೆ, ಊರಿನ ಆಸ್ಪತ್ರೆ, ಮಂಗಳೂರು ಈ ಮೂರನ್ನೂ ಒಂದೇ ಪ್ರಶ್ನೆ ಹಿಡಿದು ತೂಗಬೇಕು: ತಾಯಿಗೆ ರಕ್ತ ಹೋಗತೊಡಗಿದರೆ, ಮಗು ಅಳದಿದ್ದರೆ, ಎಷ್ಟು ನಿಮಿಷದಲ್ಲಿ ಯಾರು ಬಂದು ಏನು ಮಾಡಬಲ್ಲರು?

ಮೊದಲು ಮನೆ. ಮನೆ ಹೆರಿಗೆಯ ಪರವಾಗಿ ಇಂಗ್ಲೆಂಡಿನ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನ ಕಡಿಮೆ ಅಪಾಯದ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿತ್ತು. ಮೊದಲ ಹೆರಿಗೆಯನ್ನು ಮನೆಯಲ್ಲಿ ಮಾಡಿಕೊಳ್ಳಲು ಹೊರಟವರಲ್ಲಿ 100ಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರ ಮಕ್ಕಳಿಗೆ ಗಂಭೀರ ತೊಂದರೆ ಆದದ್ದು 1,000ಕ್ಕೆ 9.3, ಆಸ್ಪತ್ರೆಯಲ್ಲಿ ಹೆತ್ತವರಲ್ಲಿ ಅದು 5.3. ಎರಡನೆಯ ಅಥವಾ ನಂತರದ ಹೆರಿಗೆಯವರಲ್ಲಿ ಮಕ್ಕಳಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ, ಸಾಗಿಸಬೇಕಾದವರೂ 100ಕ್ಕೆ 12 ಮಂದಿ ಮಾತ್ರ. ಆದರೆ ಅಲ್ಲಿ ಮನೆಗೆ ಬರುವವರು ಹೆರಿಗೆ ಮಾಡಿಸುವ ತರಬೇತಿ ಪಡೆದು ನೋಂದಾಯಿಸಿಕೊಂಡ ಮಿಡ್‌ವೈಫ್‌ಗಳು, ಅವರ ಚೀಲದಲ್ಲಿ ಗರ್ಭಕೋಶವನ್ನು ಬಿಗಿಸುವ ಮದ್ದಾದ ಆಕ್ಸಿಟೋಸಿನ್ ಮತ್ತು ಮಗುವಿಗೆ ಉಸಿರು ಕೊಡುವ ಬ್ಯಾಗ್-ಮಾಸ್ಕ್ ಇರುತ್ತದೆ, ಆಸ್ಪತ್ರೆಯೂ ಅವರನ್ನು ಕಾಯುತ್ತಿರುತ್ತದೆ. ಎಣ್ಮಕಜೆಯಲ್ಲೋ ದೇಲಂಪಾಡಿಯಲ್ಲೋ ಮನೆ ಹೆರಿಗೆಗೆ ಸಿಗುವುದು ಒಳ್ಳೆಯ ಮನಸ್ಸಿನ ನೆರವು ಮಾತ್ರ.

ಅದು ಸಾಲದು ಎನ್ನಲು ಕಾರಣವಿದೆ. ತುಂಬು ಗರ್ಭದಲ್ಲಿ ಗರ್ಭಕೋಶದೊಳಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಕಲ್ಲಿನಂತೆ ಬಿಗಿದರೆ ಮಾತ್ರ ಅಲ್ಲಿನ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಬಿಗಿಯದೆ ಮೆತ್ತಗೆ ಉಳಿದರೆ, ಮಾಸಿನ ತುಂಡು ಒಳಗೇ ನಿಂತರೆ, ರಕ್ತ ಧಾರಾಳ ಹೋಗುತ್ತದೆ. ಆರೋಗ್ಯವಂತೆಯಾದ ತಾಯಿ ಕೂಡ ಎರಡು ಗಂಟೆಯೊಳಗೆ ತೀರಿಹೋಗಬಹುದು. ಇದನ್ನು ತಡೆಯಲು ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುತ್ತಾರೆ. ಆ ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಬೇಸಿಗೆಯ ಸೆಕೆಯಲ್ಲಿ ಹೊರಗಿಟ್ಟರೆ ಅದರ ಬಲ ಕುಂದುತ್ತದೆ. ಮಗುವಿನ ಮಾತೂ ಹೀಗೆಯೇ: 10ರಲ್ಲಿ ಒಂದು ಮಗುವಿಗೆ ಉಸಿರು ಹಿಡಿಯಲು ಏನಾದರೂ ಸಹಾಯ ಬೇಕಾಗುತ್ತದೆ, ಅದೂ ಮೊದಲ ನಿಮಿಷದಲ್ಲೇ. ಕೇರಳದಲ್ಲಿ 2018–20ರಲ್ಲಿ ಲಕ್ಷ ಜೀವಂತ ಜನನಕ್ಕೆ ತೀರಿಕೊಂಡ ತಾಯಂದಿರು 19, ದೇಶದ ಲೆಕ್ಕ 97. ಹೆಚ್ಚುಕಡಿಮೆ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲಿ ಆಗುವುದು ಇದಕ್ಕೆ ಒಂದು ದೊಡ್ಡ ಕಾರಣ. ಹಾಗಾಗಿ ಮನೆ ಹೆರಿಗೆಗೆ ನಮ್ಮ ಉತ್ತರ ಸ್ಪಷ್ಟ: ಬೇಡ.

ಇನ್ನು ಆಸ್ಪತ್ರೆ. ಬೋರ್ಡು, ಎಸಿ ಕೋಣೆ ನೋಡಿ ಒಪ್ಪಬೇಡಿ. ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಬೇಕಾದರೆ ಅರಿವಳಿಕೆ ಡಾಕ್ಟರು ಆಸ್ಪತ್ರೆಯಲ್ಲೇ ಇರುತ್ತಾರೆಯೇ, ಫೋನ್ ಮಾಡಿ ಕರೆಸಬೇಕೇ? ರಕ್ತ ಅಲ್ಲೇ ಇದೆಯೇ, ಬೇರೆಡೆಯಿಂದ ತರಬೇಕೇ? ಮಗುವಿಗೆ ತೊಂದರೆಯಾದರೆ ಅಲ್ಲೇ ನೋಡುತ್ತಾರೆಯೇ, ಆಂಬುಲೆನ್ಸಿನಲ್ಲಿ ಕಳಿಸುತ್ತಾರೆಯೇ? ಈ ಮೂರಕ್ಕೆ ನೇರ ಉತ್ತರ ಸಿಗದ ಕಡೆ ಹೆರಿಗೆಗೆ ಹೋಗುವುದು ಬೇಡ. ಹಿಂದೆ ಸಿಸೇರಿಯನ್ ಆದವರು, ಅವಳಿ ಇರುವವರು, ಬಿಪಿ ಏರಿದವರು, ಮಾಸು ಕೆಳಗಿರುವವರು, ಹಿಮೋಗ್ಲೋಬಿನ್ 7ಕ್ಕಿಂತ ಇಳಿದವರು ಸಣ್ಣ ಆಸ್ಪತ್ರೆಯನ್ನು ಬಿಟ್ಟೇಬಿಡಬೇಕು.

ಜಿಲ್ಲೆಯೊಳಗೆ ಕಾಸರಗೋಡಿನ ಜನರಲ್ ಆಸ್ಪತ್ರೆಯಿದೆ, ಕಾಞಂಗಾಡಿನಲ್ಲಿ ತಾಯಿ ಮತ್ತು ಮಕ್ಕಳಿಗೆಂದೇ ಸರಕಾರಿ ಆಸ್ಪತ್ರೆಯಿದೆ. ಸರಕಾರಿ ಹೆರಿಗೆಯ ದೊಡ್ಡ ಗುಣ ಖರ್ಚು. 2011ರ ಜನನಿ ಶಿಶು ಸುರಕ್ಷಾ ಯೋಜನೆಯಂತೆ ಹೆರಿಗೆ, ಸಿಸೇರಿಯನ್, ಮದ್ದು, ರಕ್ತ, ಪರೀಕ್ಷೆ, ಹೋಗಿಬರುವ ವಾಹನ ಎಲ್ಲ ಉಚಿತ; ಊಟ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ. ಹೊರಗಿಂದ ಮದ್ದು ತನ್ನಿ ಎಂದರೆ ಈ ಯೋಜನೆಯ ಹೆಸರು ಹೇಳಿ ಕೇಳಿ. ಕೊರತೆ ಇರುವುದು ಲೇಬರ್ ರೂಮಿನ ಅಭ್ಯಾಸಗಳಲ್ಲಿ, ಅದು ಖಾಸಗಿಯಲ್ಲೂ ಉಂಟು. ಗರ್ಭದ ಬಾಯಿ ಎರಡು ಮೂರು ಸೆಂಟಿಮೀಟರ್ ತೆರೆದಾಗಲೇ ಸೇರಿಸಿಕೊಂಡು, ಮಲಗಿಸಿ, ನೋವು ಬರಿಸುವ ಡ್ರಿಪ್ ಏರಿಸುವುದು ಸಾಮಾನ್ಯ. ಜೋರಿನ ಹೆರಿಗೆ ಶುರುವಾಗುವುದು 5 ಸೆಂಟಿಮೀಟರಿನಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿ ಮಗು ಚೆನ್ನಾಗಿದ್ದು ಮನೆ ಹತ್ತಿರವಿದ್ದರೆ ಅಲ್ಲಿಯವರೆಗೆ ನಡೆದಾಡಿ, ಗಂಜಿ ಕುಡಿದು ಕಾಯಬಹುದೇ ಎಂದು ಮೊದಲೇ ಡಾಕ್ಟರಲ್ಲಿ ಮಾತಾಡಿ. ಜೊತೆಗೊಬ್ಬ ಹೆಂಗಸನ್ನು ಒಳಗೆ ಬಿಡುತ್ತಾರೆಯೇ ಎಂದೂ ಕೇಳಿ. ಪುತ್ತೂರು, ಸುಳ್ಯದ ಕಡೆಯಿಂದ ಮದುವೆಯಾಗಿ ಬಂದು ಮಲಯಾಳ ಬಾರದವರಿಗೆ ಇದು ತೀರಾ ಅಗತ್ಯ. "ಮುಕ್ಕು" (ಕೆಳಗೆ ಒತ್ತು ಕೊಡು) ಎಂದು ಯಾವಾಗ, "ಮುಕ್ಕಬೇಡ" ಎಂದು ಯಾವಾಗ ಹೇಳಿದರೆಂದು ತಿಳಿಯದಿದ್ದರೆ ಹೆರಿಗೆಯ ದಾರಿಯ ಚರ್ಮ ಹರಿಯುವುದು ಹೆಚ್ಚು.

ಮಂಜೇಶ್ವರ, ವರ್ಕಾಡಿ, ಮೀಂಜದವರಿಗೆ ಮಂಗಳೂರೇ ಹತ್ತಿರ. ಅಲ್ಲಿ ಸರಕಾರಿ ಲೇಡಿ ಗೋಶನ್ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ರಕ್ತಕ್ಕೂ ಮಕ್ಕಳ ಐಸಿಯುಗೂ ಕೊರತೆಯಿಲ್ಲ. ಕಷ್ಟದ ಹೆರಿಗೆಗೆ ನಮ್ಮ ಮೊದಲ ಆಯ್ಕೆ ಅದೇ. ಆದರೆ 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿ ಆಂಬುಲೆನ್ಸುಗಳು ಹಿಂದೆ ಬಂದದ್ದನ್ನು ಗಡಿಯವರು ಮರೆಯುವಂತಿಲ್ಲ. ಮಂಗಳೂರಿಗೆ ಹೋಗುವವರೂ ಕಾಸರಗೋಡಿನಲ್ಲಿ ಒಂದೆರಡು ಬಾರಿ ತೋರಿಸಿ ಚೀಟಿ ಮಾಡಿಸಿಡಿ. ತವರಿಗೆ ಹೋಗುವುದಾದರೆ 36 ವಾರಕ್ಕೂ ಮೊದಲೇ ಹೋಗಿ. ಕೇರಳದ ತಾಯಿ-ಮಗು ಕಾರ್ಡು, ಕರ್ನಾಟಕದ ತಾಯಿ ಕಾರ್ಡು ಬೇರೆ ಬೇರೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸ್ಕ್ಯಾನಿನ ಪ್ರತಿಗಳನ್ನು ಕಾರ್ಡಿನ ಜೊತೆ ಒಂದೇ ಚೀಲದಲ್ಲಿಡಿ. ತಾಯಿಯದು ನೆಗೆಟಿವ್ ಗುಂಪು, ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ತಾಯಿಗೆ, ಮುಂದಿನ ಮಗುವನ್ನು ಕಾಯುವ ಆಂಟಿ-ಡಿ ಚುಚ್ಚುಮದ್ದು ಬೇಕು. ಗುಂಪಿನ ಕಾಗದ ಸಿಗದೆ ಅದು ತಪ್ಪಬಾರದು.

ಮೊದಲ ಹೆರಿಗೆಯಾದರೆ ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷ ನಿಲ್ಲುವ ನೋವು ಒಂದು ಗಂಟೆ ಬಿಡದೆ ಬಂದಾಗ ಹೊರಡಿ. ಎರಡನೆಯದಕ್ಕೆ, ದೂರದ ಒಳದಾರಿಗೆ, ಮಳೆಗಾಲದ ರಾತ್ರಿಗೆ ಅಷ್ಟು ಕಾಯಬೇಡಿ. ನೀರು ಒಡೆದು ಹಸಿರಾಗಿದ್ದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ನೋವಿಲ್ಲದಿದ್ದರೂ ತಕ್ಷಣ ಹೊರಡಬೇಕು. ದಾರಿಯಲ್ಲೇ ಹೆರಿಗೆಯಾದರೆ 108ಕ್ಕೆ ಕರೆ ಮಾಡಿ, ಮಗುವನ್ನು ಒಣ ಬಟ್ಟೆಯಲ್ಲಿ ಒರೆಸಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಹೊದೆಸಿ. ಹೊಕ್ಕುಳ ಬಳ್ಳಿ ಕೊಯ್ಯಬೇಡಿ, ಎಳೆಯಬೇಡಿ. ಮಾಸು ತಾನಾಗಿ ಬಿದ್ದರೆ ತಾಯಿಯ ಹೊಕ್ಕುಳ ಕೆಳಗೆ ಗರ್ಭಕೋಶದ ಉಂಡೆ ಗಟ್ಟಿಯಾಗುವವರೆಗೆ ಹೊಟ್ಟೆಯನ್ನು ಉಜ್ಜಿ, ಮಾಸನ್ನು ಆಸ್ಪತ್ರೆಗೆ ಕೊಂಡೊಯ್ಯಿರಿ.

ಬಾಣಂತನಕ್ಕೆ ಮನೆಗೆ ಸಾಟಿಯಿಲ್ಲ. ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿದ್ದು, ಮಗುವಿಗೆ ಬಿಸಿಜಿ, ಪೋಲಿಯೋ, ಹೆಪಟೈಟಿಸ್ ಬಿ, ವಿಟಮಿನ್ ಕೆ ಹಾಕಿಸಿಕೊಂಡೇ ಬನ್ನಿ. ಹಂಡೆ ನೀರಿನ ಸ್ನಾನ, ಎಣ್ಣೆ ತಿಕ್ಕುವುದು, ಬಾಣಂತಿಯ ಅಡುಗೆ ಚೆನ್ನಾಗಿ ಮಾಡಿ. ಮಗುವಿನ ಹೊಕ್ಕುಳಿಗೆ ಮಾತ್ರ ಎಣ್ಣೆ, ಬೂದಿ ಮುಟ್ಟಿಸಬೇಡಿ. ಜೇನು, ಬಜೆ ನೆಕ್ಕಿಸಬೇಡಿ. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ. ಜನನ ನೋಂದಣಿ ಮಗು ಹುಟ್ಟಿದ ಊರಿನಲ್ಲೇ ಆಗುತ್ತದೆ: ಮಂಗಳೂರಿನಲ್ಲಿ ಹುಟ್ಟಿದರೆ ಕರ್ನಾಟಕದ ಜನನ ನೋಂದಣಿ ಜಾಲತಾಣ ಇ-ಜನ್ಮದಲ್ಲಿ, ಇಲ್ಲಾದರೆ ಸ್ಥಳೀಯ ಪಂಚಾಯತಿನಲ್ಲೋ ನಗರಸಭೆಯಲ್ಲೋ. 21 ದಿನದೊಳಗೆ ಶುಲ್ಕವಿಲ್ಲ. ಆಸ್ಪತ್ರೆ ಕಳಿಸುವ ಫಾರಂನಲ್ಲಿ ತಂದೆತಾಯಿಯ ಹೆಸರು ಆಧಾರಿನಲ್ಲಿ ಇರುವಂತೆಯೇ ಇದೆಯೇ ಎಂದು ಬಿಡುಗಡೆಗೆ ಮೊದಲು ಓದಿ ನೋಡಿ.