ಜಿಪಿಓದ ಅಂಚೆಚೀಟಿ ಕೌಂಟರ್: ನಿವೃತ್ತರು ಒಮ್ಮೆ ಹೋಗಿ ನೋಡಲೇಬೇಕು

ಬೆಂಗಳೂರಿನಲ್ಲಿ ನಿವೃತ್ತರಾದವರಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ವಾಕಿಂಗ್ ಹೋಗಿ, ಯೋಗ ಮಾಡಿ, ಟೆರೇಸಿನಲ್ಲಿ ನಾಲ್ಕು ಕುಂಡ ಇಡಿ. ಎಲ್ಲಾ ಒಳ್ಳೆಯದೇ. ಆದರೆ ಮೂವತ್ತು ವರ್ಷಕ್ಕೂ ಜಾಸ್ತಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದ ನನಗೆ ತಲೆಗೂ ಸ್ವಲ್ಪ ಕೆಲಸ ಬೇಕಿತ್ತು. ಮನೆಯಿಂದ ಹೊರಡಲು ಒಂದು ಕಾರಣ ಬೇಕು, ಮನೆಗೆ ಬಂದ ಮೇಲೆ ಕೂತು ಮಾಡಲು ಏನಾದರೂ ಇರಬೇಕು. ಎರಡೂ ಒಟ್ಟಿಗೆ ಸಿಕ್ಕಿದ್ದು ಬೆಂಗಳೂರಿನ ಪ್ರಧಾನ ಅಂಚೆ ಕಚೇರಿ, ಅಂದರೆ ಜಿಪಿಓದ ಫಿಲಾಟೆಲಿಕ್ ಬ್ಯೂರೋದಲ್ಲಿ. ಅಂದರೆ, ಸ್ಟ್ಯಾಂಪ್ ಸಂಗ್ರಹ ಮಾಡುವವರಿಗಾಗಿಯೇ ಇರುವ ಕೌಂಟರ್.

ನಾನಿರುವುದು ವಿಜಯನಗರದಲ್ಲಿ. ನೇರಳೆ ಮೆಟ್ರೊ ಹತ್ತಿದರೆ ನಡುವೆ ಬದಲಾಯಿಸುವ ಗೋಜಿಲ್ಲದೆ ವಿಧಾನಸೌಧ ನಿಲ್ದಾಣ. ಅಲ್ಲಿಂದ ಸ್ವಲ್ಪ ನಡೆದರೆ ಜಿಪಿಓದ ಕಲ್ಲಿನ ದೊಡ್ಡ ಕಟ್ಟಡ. ಹೆಚ್ಚಿನವರು ಸ್ಪೀಡ್ ಪೋಸ್ಟ್ ಮಾಡಿ ವಾಪಸ್ ಹೋಗುತ್ತಾರೆ. ಇಲ್ಲಿ ಹೀಗೊಂದು ಕೌಂಟರ್ ಇದೆ ಅಂತ ನಮ್ಮ ಬೀದಿಯಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಇಲ್ಲಿ ಏನೇನು ಸಿಗುತ್ತದೆ? ಹೊಸದಾಗಿ ಬಿಡುಗಡೆಯಾದ ಸ್ಟ್ಯಾಂಪ್‌ಗಳು, ಮಿನಿಯೇಚರ್ ಶೀಟ್ (ಸುತ್ತ ಅಲಂಕಾರದ ಅಂಚಿರುವ, ಒಂದೋ ಕೆಲವೋ ಸ್ಟ್ಯಾಂಪ್‌ಗಳ ಚಿಕ್ಕ ಹಾಳೆ), ಮೊದಲ ದಿನದ ಲಕೋಟೆ (ಹೊಸ ಸ್ಟ್ಯಾಂಪ್ ಹಚ್ಚಿ ಬಿಡುಗಡೆಯ ದಿನದ ಮುದ್ರೆ ಒತ್ತಿದ ಕವರ್), ಒಂದು ವರ್ಷದ ಸ್ಟ್ಯಾಂಪ್‌ಗಳನ್ನೆಲ್ಲ ಸೇರಿಸಿದ ಪ್ಯಾಕ್, ಆಲ್ಬಂ. ಸ್ಟ್ಯಾಂಪ್‌ಗೆ ಮುಖಬೆಲೆ ಎಷ್ಟಿದೆಯೋ ಅಷ್ಟೇ ದುಡ್ಡು. ಐದು ರೂಪಾಯಿ ಸ್ಟ್ಯಾಂಪ್ ಐದೇ ರೂಪಾಯಿ. ಪಿಂಚಣಿಯಲ್ಲಿ ಬದುಕುವವರಿಗೆ ಇದಕ್ಕಿಂತ ಏನು ಬೇಕು ಹೇಳಿ? ಪ್ರತಿ ಬಿಡುಗಡೆಯ ಜೊತೆ ಒಂದು ಮಾಹಿತಿ ಹಾಳೆ ಬರುತ್ತದೆ. ಸ್ಟ್ಯಾಂಪಿನ ಮೇಲಿರುವವರು ಯಾರು, ಏನು ಮಾಡಿದರು, ಯಾಕೆ ಈಗ ತಂದರು, ಎಲ್ಲಾ ಅದರಲ್ಲಿರುತ್ತದೆ. ದಯವಿಟ್ಟು ಅದನ್ನು ಬಿಡಬೇಡಿ. ನನ್ನ ಮಟ್ಟಿಗೆ ಸ್ಟ್ಯಾಂಪಿನಷ್ಟೇ ಬೆಲೆಬಾಳುವ ಹಾಳೆ ಅದು.

ಮಂಡಿ ನೋವು, ಪದೇ ಪದೇ ಹೋಗಲು ಆಗಲ್ಲ ಅನ್ನುವವರಿಗೆ ಡಿಪಾಸಿಟ್ ಅಕೌಂಟ್ ಇದೆ. ಒಂದು ಫಾರಂ ತುಂಬಿ 200 ರೂಪಾಯಿ ಕಟ್ಟಿ ಶುರು ಮಾಡಬಹುದು. ಒಂಟಿ ಸ್ಟ್ಯಾಂಪ್ ಬೇಕೋ, ಬಿಡಿಸದ ನಾಲ್ಕು ಸ್ಟ್ಯಾಂಪ್‌ಗಳ ಬ್ಲಾಕ್ ಬೇಕೋ, ಮೊದಲ ದಿನದ ಲಕೋಟೆ ಬೇಕೋ, ಎಷ್ಟು ಬೇಕು ಅಂತ ಮೊದಲೇ ಬರೆದುಕೊಟ್ಟರೆ ಆಯಿತು. ಹೊಸ ಬಿಡುಗಡೆ ಮನೆಗೇ ಬರುತ್ತದೆ. ಕಟ್ಟಿದ ದುಡ್ಡು ಕರಗಿದಂತೆ ಮತ್ತೆ ತುಂಬಬೇಕು, ಅಷ್ಟೇ. ನನ್ನ ಸಲಹೆ ಏನೆಂದರೆ, ಅಕೌಂಟ್ ಮಾಡಿಸಿ, ಆದರೆ ಹೋಗುವುದನ್ನು ನಿಲ್ಲಿಸಬೇಡಿ. ಕೌಂಟರಿನ ಮುಂದೆ ನಿಂತಾಗ ಪಕ್ಕದವರ ಕೈಯಲ್ಲಿರುವ ಹಾಳೆ ನೋಡಿ ಮಾತು ಶುರುವಾಗುತ್ತದಲ್ಲ, ಆ ಪರಿಚಯಗಳು ಪೋಸ್ಟಿನಲ್ಲಿ ಬರಲ್ಲ. ರೈಲಿನ ಚಿತ್ರದ ಸ್ಟ್ಯಾಂಪ್ ಮಾತ್ರ ಕೂಡಿಡುವ ಒಬ್ಬರು ನಿವೃತ್ತ ರೈಲ್ವೆ ನೌಕರರು ನನಗೆ ಹಾಗೆಯೇ ಪರಿಚಯವಾದರು. ಅವರಿಂದ ನಾನು ಕಲಿತದ್ದು ಜಾಸ್ತಿ.

ಅವರು ಹೇಳಿದ ಮೊದಲ ಮಾತು: ಒಂದು ವಿಷಯ ಹಿಡಿಯಿರಿ. ಅಂಚೆ ಇಲಾಖೆ ವರ್ಷಕ್ಕೆ ಎಷ್ಟೊಂದು ಸ್ಟ್ಯಾಂಪ್ ತರುತ್ತದೆ ಅಂದರೆ, ಎಲ್ಲಾ ಕೊಳ್ಳುತ್ತಾ ಹೋದರೆ ಆಲ್ಬಂ ತುಂಬುತ್ತದೆ, ತಲೆಗೆ ಏನೂ ಹೋಗಲ್ಲ. ನಾನು ಹಿಡಿದದ್ದು ಕರ್ನಾಟಕ. ನಮ್ಮ ನಾಡಿನ ಜನ, ಜಾಗ, ಕಲೆ ಯಾವ ಸ್ಟ್ಯಾಂಪಿನಲ್ಲಿದ್ದರೂ ಅದು ನನ್ನದು.

ಈ ಆಲ್ಬಮ್ಮಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ವಿಶ್ವೇಶ್ವರಯ್ಯನವರದ್ದು. 1960ರ ಸೆಪ್ಟೆಂಬರ್ 15ರಂದು ಬಿಡುಗಡೆಯಾದ 15 ನಯಾಪೈಸೆಯ ಸ್ಟ್ಯಾಂಪ್. ಅವತ್ತು ಅವರಿಗೆ ನೂರು ತುಂಬಿತ್ತು, ಅವರಿನ್ನೂ ಬದುಕಿದ್ದರು! ತಮ್ಮದೇ ಚಿತ್ರದ ಸ್ಟ್ಯಾಂಪನ್ನು ಕಣ್ಣಾರೆ ನೋಡುವ ಭಾಗ್ಯ ನಮ್ಮ ದೇಶದಲ್ಲಿ ತೀರಾ ಕೆಲವರಿಗೆ ಮಾತ್ರ ಸಿಕ್ಕಿದೆ. ಆಮೇಲೆ ಪುರಂದರದಾಸರು (1964), ಬಸವೇಶ್ವರರು (1967), ಕಿತ್ತೂರು ಚೆನ್ನಮ್ಮ (1977), ಮಹಾಮಸ್ತಕಾಭಿಷೇಕದ ವರ್ಷದ ಗೊಮ್ಮಟೇಶ್ವರ (1981), ಡಿ.ವಿ.ಜಿ. (1988), ರಾಜ್‌ಕುಮಾರ್ (2009). 2014ರಲ್ಲಿ ಎಂಟು ಸಂಗೀತಗಾರರ ಸರಣಿ ಬಂತು. ಎಂಟರಲ್ಲಿ ನಾಲ್ವರು ನಮ್ಮ ಉತ್ತರ ಕರ್ನಾಟಕದಲ್ಲಿ ಹುಟ್ಟಿದವರು: ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್, ಕುಮಾರ ಗಂಧರ್ವ. ಇಡೀ ದೇಶದಿಂದ ಎಂಟು ಜನರನ್ನು ಆರಿಸಿದಾಗ ಅರ್ಧ ಪಾಲು ಗದಗ, ಧಾರವಾಡ, ಬೆಳಗಾವಿ ಕಡೆಯವರು. ಆ ಪುಟ ತೆರೆದಾಗಲೆಲ್ಲ ನನಗೆ ಹೆಮ್ಮೆ ಉಕ್ಕಿ ಬರುತ್ತದೆ.

ವಾಸನೆಯ ಸ್ಟ್ಯಾಂಪ್‌ಗಳೂ ಇವೆ. 2006ರ ಶ್ರೀಗಂಧದ 15 ರೂಪಾಯಿ ಸ್ಟ್ಯಾಂಪ್ ನಮ್ಮ ದೇಶದ ಮೊದಲ ಸುಗಂಧದ ಸ್ಟ್ಯಾಂಪ್. 2017ರಲ್ಲಿ ಕಾಫಿ ವಾಸನೆಯದ್ದು ಬಂತು, ಬೆಲೆ 100 ರೂಪಾಯಿ, ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ. ಬೆರಳಿನಿಂದ ಮೆಲ್ಲಗೆ ಉಜ್ಜಿ ಮೂಗಿನ ಹತ್ತಿರ ಹಿಡಿದರೆ ವಾಸನೆ ಬರುತ್ತದೆ. ಉಜ್ಜಿದಷ್ಟೂ ಬೇಗ ಹೋಗುತ್ತದೆ, ಬೆರಳಿನ ಜಿಡ್ಡೂ ಅಂಟುತ್ತದೆ. ಮೊಮ್ಮಕ್ಕಳ ಕೈಗೆ ಕೊಡುವ ಮುಂಚೆ ಯೋಚಿಸಿ!

ಒಂದು ವಿಷಯ ಗಮನದಲ್ಲಿರಲಿ. ಈ ಕೌಂಟರ್ ಇರುವುದು ಮುಖ್ಯವಾಗಿ ಹೊಸ ಸ್ಟ್ಯಾಂಪ್‌ಗಳಿಗೆ. 1960, 70ರ ದಶಕದ್ದು ಬೇಕಾದರೆ ವ್ಯಾಪಾರಿಗಳ ಹತ್ತಿರ ಹೋಗಬೇಕು, ಇಲ್ಲವೇ ಅಂಚೆ ಇಲಾಖೆಯ ರಾಜ್ಯ ಮಟ್ಟದ ಕರ್ನಾಪೆಕ್ಸ್‌ನಂಥ ಪ್ರದರ್ಶನ ನಡೆದಾಗ ಹುಡುಕಬೇಕು. ಆನ್‌ಲೈನ್‌ನಲ್ಲಿ ಹುಷಾರು. ನಾನು ಒಂದು ಅಂಗಡಿಯಿಂದ ‘ಹಳೆಯ ಅಪರೂಪದ ಸ್ಟ್ಯಾಂಪ್’ ಅಂತ ಒಂದು ಪ್ಯಾಕೆಟ್ ತರಿಸಿದೆ. ಒಳಗೆ ಇದ್ದದ್ದು ಬಣ್ಣಬಣ್ಣದ ವಿದೇಶಿ ಸ್ಟ್ಯಾಂಪ್‌ಗಳು. ಮುಂದೆ ಮುದ್ರೆ ಬಿದ್ದಿದೆ, ತಿರುಗಿಸಿ ನೋಡಿದರೆ ಹಿಂದೆ ಅಂಟು ಹಾಗೇ ಇದೆ. ಅಂದರೆ ಯಾವ ಕಾಗದದ ಮೇಲೂ ಹತ್ತದೆ, ಮಾರುವುದಕ್ಕಾಗಿಯೇ ಮುದ್ರೆ ಒತ್ತಿದ ಸರಕು. ಕೆಲವಕ್ಕೆ ಅಂಚಿನ ಹಲ್ಲುಗಳೇ ಇಲ್ಲ. ಜೊತೆಗೆ ಕೊಟ್ಟ ಆಲ್ಬಂ ಮೆತ್ತನೆ ಪ್ಲಾಸ್ಟಿಕ್ಕಿನದು. ಅಂಥ ಪ್ಲಾಸ್ಟಿಕ್ ಬೇಸಿಗೆಯಲ್ಲಿ ಬೆವೆತ ಹಾಗಾಗಿ ಸ್ಟ್ಯಾಂಪಿಗೆ ಅಂಟಿಕೊಳ್ಳುತ್ತದೆ, ಬಣ್ಣವನ್ನೂ ಕಿತ್ತುಕೊಳ್ಳುತ್ತದೆ. ವಾಪಸ್ ತೆಗೆದುಕೊಳ್ಳಿ ಅಂದರೆ ಉತ್ತರವೇ ಇಲ್ಲ. ಹಳೆಯ ಸ್ಟ್ಯಾಂಪನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ನೋಡಿ, ಆಮೇಲೇ ದುಡ್ಡು ಕೊಡಿ.

ಇನ್ನು ಮನೆಯ ಕೆಲಸಕ್ಕೆ ಬರೋಣ. ನನಗೆ ಅತಿ ಖುಷಿ ಕೊಡುವುದು ಇದೇ. ಬಂಧುಗಳ ಮನೆಯ ಹಳೆಯ ಕಾಗದಗಳಿಂದ ಸ್ಟ್ಯಾಂಪ್ ಬಿಡಿಸುವುದು. ಸುತ್ತ ಒಂದು ಬೆರಳು ಜಾಗ ಬಿಟ್ಟು ಲಕೋಟೆಯ ಮೂಲೆ ಕತ್ತರಿಸುತ್ತೇನೆ. ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು. ಸ್ಟ್ಯಾಂಪ್ ಮೇಲ್ಮುಖವಾಗಿ ತೇಲಲು ಬಿಡಬೇಕು. ಹದಿನೈದು ಇಪ್ಪತ್ತು ನಿಮಿಷ ಸುಮ್ನೆ ಕಾಯಬೇಕು, ಎಳೆಯಬಾರದು. ಅಂಟು ಕರಗಿದಾಗ ಕಾಗದ ತಾನೇ ಜಾರಿ ಕೆಳಗೆ ಹೋಗುತ್ತದೆ, ಸ್ಟ್ಯಾಂಪ್ ಬೇರೆಯಾಗುತ್ತದೆ. ಹಿಂಬದಿಯಲ್ಲಿ ಲೋಳೆಲೋಳೆ ಇದ್ದರೆ ಇನ್ನೊಂದು ನೀರಿನಲ್ಲಿ ಅದ್ದಿ, ಚಪ್ಪಟೆ ಮೂತಿಯ ಇಕ್ಕಳದಲ್ಲಿ ಎತ್ತಿ, ಬ್ಲಾಟಿಂಗ್ ಪೇಪರ್ ಮೇಲೆ ಬೋರಲು ಹಾಕುತ್ತೇನೆ. ಅರೆ ಒಣಗಿದ ಮೇಲೆ ದಪ್ಪ ಪುಸ್ತಕದಡಿ ಒಂದು ರಾತ್ರಿ. ಬಣ್ಣದ ಲಕೋಟೆ ಇದ್ದರೆ ಅದಕ್ಕೆ ಬೇರೆ ತಟ್ಟೆ, ಇಲ್ಲದಿದ್ದರೆ ಲಕೋಟೆಯ ಬಣ್ಣ ಬಿಟ್ಟು ಎಲ್ಲವೂ ಕಲೆಯಾಗುತ್ತವೆ. ಊರಿನ ಹೆಸರು, ತಾರೀಖು ಎರಡೂ ಸ್ಪಷ್ಟವಾಗಿ ಬಿದ್ದಿರುವ ಮುದ್ರೆ ಸಿಕ್ಕರೆ ಮಾತ್ರ ನೀರಿಗೆ ಹಾಕಬೇಡಿ. ಲಕೋಟೆಯ ಸಮೇತ ಇಡಿ.

ಬೇಕಾಗುವ ಸಾಮಾನು ಕಡಿಮೆ. ಇಕ್ಕಳ, ಒಂದು ಒಳ್ಳೆಯ ಭೂತಗನ್ನಡಿ, ಕಪ್ಪು ಪುಟದ ಸ್ಟಾಕ್‌ಬುಕ್, ಅಂದರೆ ಸ್ಟ್ಯಾಂಪನ್ನು ಅಂಟಿಸದೆ ಪಟ್ಟಿಗಳಲ್ಲಿ ಸಿಕ್ಕಿಸಿಡುವ ಪುಸ್ತಕ. ಕಣ್ಣಿನ ಪೊರೆಯ ಆಪರೇಷನ್ ಆದವರು ದೀಪ ಇರುವ ಭೂತಗನ್ನಡಿ ತೆಗೆದುಕೊಳ್ಳಿ, ತುಂಬಾ ಅನುಕೂಲ. ಸ್ಟಾಕ್‌ಬುಕ್ಕನ್ನು ಮಲಗಿಸಬೇಡಿ, ನಿಲ್ಲಿಸಿಡಿ. ಮಳೆಗಾಲದಲ್ಲಿ ಆಗಾಗ ತೆರೆದು ಗಾಳಿ ಆಡಿಸಿ.

ಜಿಪಿಓಗೆ ಹೋದ ದಿನವೇ ಇನ್ನೂ ಶಕ್ತಿ ಇದ್ದರೆ ಎಂ.ಜಿ. ರಸ್ತೆಗೆ ಹೋಗಿ. ಅಲ್ಲಿಂದ ಮ್ಯೂಸಿಯಂ ರಸ್ತೆಯ ಅಂಚೆ ಕಚೇರಿ ಹತ್ತಿರ. ಅಲ್ಲೇ ಅಂಚೆ ಇಲಾಖೆಯ ‘ಸಂದೇಶ್’ ವಸ್ತುಸಂಗ್ರಹಾಲಯ ಇದೆ. ಕಟ್ಟಡ 1804ರದ್ದು. ಈಗ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ಮ್ಯೂಸಿಯಂ 1865ರಲ್ಲಿ ಶುರುವಾದದ್ದು ಈ ಕಟ್ಟಡದಲ್ಲೇ. ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ವ್ಯವಸ್ಥೆ ಇತ್ತು. ಚಿಕ್ಕದೇವರಾಜ ಒಡೆಯರ್ 1672ರಲ್ಲಿ ಶುರು ಮಾಡಿದ ಮೈಸೂರು ಅಂಚೆ 1889ರವರೆಗೆ ನಡೆದು, ಆಮೇಲೆ ಬ್ರಿಟಿಷ್ ಇಂಡಿಯಾದ ಅಂಚೆಗೆ ಸೇರಿತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಓಟಗಾರರು ಕಾಗದ ಹೊತ್ತಿದ್ದಾರೆ. ಇದು ಗೊತ್ತಿದ್ದು ಒಳಗೆ ಹೋದರೆ ಪ್ರತಿ ವಸ್ತುವಿನ ಮುಂದೆ ನಿಲ್ಲಬೇಕು ಅನ್ನಿಸುತ್ತದೆ. ಜಿಪಿಓ ನೋಡಿದವರು ಇದನ್ನು ತಪ್ಪಿಸಿಕೊಳ್ಳಬಾರದು.

ಕೌಂಟರಿನಲ್ಲಿ ‘ಮೈ ಸ್ಟ್ಯಾಂಪ್’ ಕೂಡ ಮಾಡಿಕೊಡುತ್ತಾರೆ. ಫೋಟೊ, ಗುರುತಿನ ಚೀಟಿ ಕೊಟ್ಟರೆ, ಹನ್ನೆರಡು ಸ್ಟ್ಯಾಂಪ್‌ಗಳ ಹಾಳೆಯಲ್ಲಿ ಪಕ್ಕದಲ್ಲೇ ನಿಮ್ಮ ಚಿತ್ರ. ನಾನು ಮಾಡಿಸಿದಾಗ 300 ರೂಪಾಯಿ. ಗೆಳತಿಯ ಷಷ್ಟ್ಯಬ್ದಿಗೆ ಕೊಟ್ಟೆ. ಸೀರೆಗಿಂತ ಇದನ್ನೇ ಎಲ್ಲರಿಗೂ ತೋರಿಸಿದಳು.

ಆರರಿಂದ ಒಂಬತ್ತನೇ ತರಗತಿಯಲ್ಲಿ ಮೊಮ್ಮಕ್ಕಳಿದ್ದರೆ ಅವರ ಹೆಸರಿನಲ್ಲೂ ಒಂದು ಅಕೌಂಟ್ ತೆರೆಸಿ. ದೀನ್ ದಯಾಳ್ ಸ್ಪರ್ಶ್ ಅಂತ ಒಂದು ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 6,000 ರೂಪಾಯಿ. ಸ್ಟ್ಯಾಂಪ್ ಬಗ್ಗೆ ಕ್ವಿಜ್, ಆಮೇಲೆ ಒಂದು ಪ್ರಾಜೆಕ್ಟ್. ಓದಿನಲ್ಲೂ ಚೆನ್ನಾಗಿರಬೇಕು. ಅದರ ವಿವರ ಕೌಂಟರಿನಲ್ಲೇ ಕೇಳಿ. ಮತ್ತೆ, ಹೋಗುವಾಗ ಒಂದು ಗಟ್ಟಿ ರಟ್ಟಿನ ಫೈಲ್ ಒಯ್ಯಿರಿ. ವಾಪಸ್ ಬರುವ ಹೊತ್ತಿಗೆ ಮೆಟ್ರೊ ತುಂಬಿರುತ್ತದೆ, ಬಟ್ಟೆ ಚೀಲದಲ್ಲಿಟ್ಟರೆ ಶೀಟ್ ಮಡಚಿಹೋಗುತ್ತದೆ.