ಬೆಂಕಿ ದಂಡ: ಎರಡೂವರೆ ವರ್ಷ ಕೈಯಲ್ಲಿ ಹಿಡಿದ ಮೇಲೆ

ನಾನು ಆಡುವ ಮಾಂತ್ರಿಕನ ಹೆಸರು ಕೆಂಡಪ್ಪ. ಅವನ ಕೈಯಲ್ಲಿರುವುದು ಸ್ಟಾಫ್ ಆಫ್ ಫೈರ್ ಅನ್ನುವ ಮಂತ್ರದ ಕೋಲು. ನಮ್ಮ ಗುಂಪಿನಲ್ಲಿ ಅದಕ್ಕೆ ಬೆಂಕಿ ದಂಡ ಅಂತಲೇ ಹೆಸರು. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2014ರ ಐದನೇ ಆವೃತ್ತಿಯ ನಿಯಮಗಳು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕಿಕೊಂಡು ಆಡುತ್ತಾರೆ. ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯನೊಬ್ಬನ ಮನೆಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತೇವೆ. ಆಟ ನಡೆಸುವುದು ಅವನ ಅಕ್ಕ. ಈಗ ನಮಗೆಲ್ಲ ಅವರು ಅಕ್ಕನೇ. ಕನ್ನಡದಲ್ಲೇ ಆಡುತ್ತೇವೆ. ದಸರಾ ಗೊಂಬೆ ಪೆಟ್ಟಿಗೆಯಿಂದ ಎತ್ತಿಕೊಂಡ ಪುಟ್ಟ ಚನ್ನಪಟ್ಟಣದ ಗೊಂಬೆಗಳೇ ನಮ್ಮ ವೀರರು, ಅವೇ ರಾಕ್ಷಸರು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ದಂಡದಲ್ಲಿ 10 ಚಾರ್ಜ್ ಇರುತ್ತದೆ, ಅಂದರೆ ಮಂತ್ರ ಹಾಕಲು ಖರ್ಚು ಮಾಡುವ ಶಕ್ತಿ. ಹತ್ತಿರದವರ ಮೇಲೆ ಬೆಂಕಿ ಚಿಮ್ಮಿಸಲು 1, ಬೆಂಕಿ ಚೆಂಡಿಗೆ 3, ಬೆಂಕಿ ಗೋಡೆಗೆ 4. ಬೆಳಗಿನ ಜಾವ ಆರು ಮುಖದ ದಾಳ ಹಾಕಿ, ಬಿದ್ದದ್ದಕ್ಕೆ 4 ಸೇರಿಸಿದರೆ ಅಷ್ಟು ಮತ್ತೆ ತುಂಬಿಕೊಳ್ಳುತ್ತದೆ. ಕೊನೆಯ ಚಾರ್ಜನ್ನೂ ಖರ್ಚು ಮಾಡಿದರೆ ಮಾತ್ರ 20 ಮುಖದ ದಾಳ ಹಾಕಬೇಕು. 1 ಬಿತ್ತೋ, ದಂಡ ಕಪ್ಪಾಗಿ ಬೂದಿಯಾಗಿ ಉದುರಿಹೋಗುತ್ತದೆ.

ಕೈಗೆ ಬಂದ ಹೊಸದರಲ್ಲಿ ನಾನು ಬರೀ ಬೆಂಕಿ ಚೆಂಡು ಎಸೆಯುತ್ತಿದ್ದೆ. ಅದರ ಪೆಟ್ಟಿನ ಲೆಕ್ಕಕ್ಕೆ ಎಂಟು ದಾಳ ಒಟ್ಟಿಗೆ ಉರುಳಿಸುವ ಖುಷಿ ಆಡಿದವರಿಗೇ ಗೊತ್ತು. ಆದರೆ ಆ ಚೆಂಡು ನಾಲ್ಕೂ ಕಡೆ 20 ಅಡಿ ಹರಡುತ್ತದೆ. ಒಂದು ನೆಲಮಾಳಿಗೆಯಲ್ಲಿ ಅದನ್ನು ಎಸೆದು ನಮ್ಮವರನ್ನೇ ಇಬ್ಬರನ್ನು ನೆಲಕ್ಕೆ ಕೆಡವಿದೆ. ಗೊಂಬೆಗಳನ್ನು ಮಲಗಿಸುವಾಗ ಯಾರೂ ಮಾತಾಡಲಿಲ್ಲ. ಆ ವಾರ ಪೂರ್ತಿ ನನಗೆ ಬೇಜಾರಿತ್ತು.

ನನ್ನೂರು ಮಂಡ್ಯದ ಹತ್ತಿರ. ಆಲೆಮನೆಯಲ್ಲಿ ಕೊಪ್ಪರಿಗೆ ಕೆಳಗೆ ಒಣಗಿದ ಕಬ್ಬಿನ ರಚ್ಚು ಹಾಕುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಒಂದೇ ಸಲ ಜಾಸ್ತಿ ತುರುಕಿದರೆ ಪಾಕ ತಳ ಹಿಡಿದು ಬೆಲ್ಲ ಕಪ್ಪಾಗುತ್ತದೆ. ಅದಕ್ಕೇ ಅವರು ಒಲೆಯನ್ನು ನೋಡಿಕೊಂಡು ಹಿಡಿ ಹಿಡಿಯಾಗಿ ಹಾಕುತ್ತಾರೆ. ಈ ದಂಡಕ್ಕೂ ಅದೇ ಕೈ ಬೇಕು ಅಂತ ನನಗೆ ಅರ್ಥವಾಗಲು ಆರು ತಿಂಗಳು ಹಿಡಿಯಿತು.

ಆಮೇಲೆ ನಾನು ಗೋಡೆಯ ಕಡೆ ತಿರುಗಿದೆ. ದಂಡದ ನಿಜವಾದ ಬೆಲೆ ಇರುವುದು ಅಲ್ಲೇ. ಗೋಡೆ 60 ಅಡಿ ಉದ್ದ, 20 ಅಡಿ ಎತ್ತರ, ಒಂದು ನಿಮಿಷದವರೆಗೆ ನಿಲ್ಲುತ್ತದೆ. ಯಾವ ಕಡೆ ಸುಡಬೇಕು ಅಂತ ನಾವೇ ಆರಿಸಬಹುದು. ಇನ್ನೊಂದು ಕಡೆ ನಿಂತವರಿಗೆ ಬಿಸಿ ತಾಗುವುದಿಲ್ಲ. ಅದರಾಚೆ ಏನೂ ಕಾಣುವುದೂ ಇಲ್ಲ. ಒಮ್ಮೆ ಕಲ್ಲಿನ ಸೇತುವೆಗೆ ಅಡ್ಡವಾಗಿ ಎಬ್ಬಿಸಿದೆ. ಆಚೆ ಇಪ್ಪತ್ತು ಜನ ರಾಕ್ಷಸ ಜಾತಿಯ ಓರ್ಕ್‌ಗಳು, ಈಚೆ ನಾವು ನಾಲ್ವರು. ಬಿಲ್ಲುಗಾರರಿಗೆ ಗುರಿಯೇ ಸಿಗಲಿಲ್ಲ. ದಾಟಲು ಬಂದವರು ಸುಟ್ಟುಕೊಂಡರು. ಆದರೆ ಮಾಂತ್ರಿಕನ ಏಕಾಗ್ರತೆ ತಪ್ಪಿದರೆ ಗೋಡೆಯೂ ಹೋಯಿತು. ಮೂರನೇ ಸುತ್ತಿಗೆ ನಮ್ಮ ಬೆನ್ನ ಹಿಂದಿನ ಗುಡ್ಡದಿಂದ ಬಂದ ಬಾಣವೊಂದು ಕೆಂಡಪ್ಪನಿಗೆ ನಾಟಿತು, ಗೋಡೆ ಆರಿಹೋಯಿತು. ಅಂದಿನಿಂದ ಗೋಡೆ ಎಬ್ಬಿಸುವ ಮುಂಚೆ ನನ್ನ ಗೊಂಬೆಗೆ ಮರೆ ಎಲ್ಲಿದೆ ಅಂತ ಹುಡುಕುತ್ತೇನೆ.

ಹೆಚ್ಚು ಜನ ಗಮನಿಸದ ಎರಡು ಗುಣ ಇವೆ. ದಂಡ ಕೈಯಲ್ಲಿದ್ದರೆ ಬೆಂಕಿಯ ಪೆಟ್ಟು ಅರ್ಧ. ಹೊತ್ತಿ ಉರಿಯುತ್ತಿದ್ದ ಕಣಜದೊಳಗೆ ಒಂದು ಮಗು ಸಿಕ್ಕಿಕೊಂಡಿತ್ತು. ಕೆಂಡಪ್ಪ ಕೊಂಡ ಹಾಯುವ ಹಾಗೆ ಒಳಗೆ ನಡೆದ. ಅಕ್ಕ 22 ಪೆಟ್ಟು ಅಂದರು, ನಾನು 11 ಬರೆದುಕೊಂಡೆ, ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಎರಡೂವರೆ ವರ್ಷದಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಅದು. ಇನ್ನೊಂದು ಗುಣ, ದಂಡದಿಂದ ಬರುವ ಮಂತ್ರಕ್ಕೆ ಬಾಯಿ ತೆರೆದು ಉಚ್ಚರಿಸುವುದೇ ಬೇಕಿಲ್ಲ. ಎದುರಾಳಿ ಮಾಟ ಮಾಡಿ ಸದ್ದನ್ನೆಲ್ಲ ಅಡಗಿಸಿದಾಗ ನಮ್ಮ ಗುಂಪಿನಲ್ಲಿ ಕೆಲಸ ಮಾಡಿದ ಮಂತ್ರ ಇದರದ್ದೊಂದೇ.

ಕೊರತೆಯೂ ಇದೆ. ಕೆಂಪು ಡ್ರ್ಯಾಗನ್‌ಗೆ ಬೆಂಕಿ ತಾಗುವುದೇ ಇಲ್ಲ. ನರಕದ ಡೆವಿಲ್‌ಗಳಿಗೂ ಅಷ್ಟೆ. ಅಂಥ ದಿನ ಇದು ಸುಮ್ನೆ ಒಂದು ಊರುಗೋಲು. ಗಾಯ ತಾನಾಗಿ ಮಾಯುವ ರಾಕ್ಷಸ ಟ್ರೋಲ್ ಬಂದರೆ ಮಾತ್ರ ಹಬ್ಬ, ಬೆಂಕಿ ತಗುಲಿದ ಟ್ರೋಲಿನ ಗಾಯ ಮುಂದಿನ ಸುತ್ತಿಗೆ ತಾನಾಗಿ ಮಾಯುವುದಿಲ್ಲ.

ನನಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಬೆಳಗಿನ ಜಾವದ ನಿಯಮ. ಮಾಂತ್ರಿಕನ ಸ್ವಂತ ಮಂತ್ರಗಳು ಪೂರ್ತಿ ವಿಶ್ರಾಂತಿ ಮುಗಿದರೆ ವಾಪಸ್ ಬರುತ್ತವೆ. ದಂಡ ಹಾಗಲ್ಲ. ಒಂದು ಸಲ ನಾವು ಸಂಜೆಗೇ ಮಲಗಿ ನಡುರಾತ್ರಿ ಎದ್ದೆವು. ಕೋಟೆಗೆ ನುಗ್ಗಿದೆವು. ನಾನು ಧೈರ್ಯವಾಗಿ ಗೋಡೆ ಅಂದೆ. "ಕೆಂಡಪ್ಪ ಎದ್ದಿದ್ದಾನೆ ಕಣೋ, ಸೂರ್ಯ ಇನ್ನೂ ಎದ್ದಿಲ್ಲ" ಅಂದರು ಅಕ್ಕ. ದಂಡದಲ್ಲಿ ಇದ್ದದ್ದು 2. ಆ ರಾತ್ರಿ ನಮ್ಮ ಕಾವಲುಗಾರ ಸತ್ತ.

ಆಮೇಲೆ ಮನೆಯಿಂದ ಚೌಕಾಬಾರದ ಕವಡೆ ತಂದೆ. ಹತ್ತು ಕವಡೆ, ಹತ್ತು ಚಾರ್ಜ್. ಖರ್ಚಾದದ್ದನ್ನು ಬಟ್ಟಲಿಗೆ ಹಾಕುತ್ತೇನೆ. ಹತ್ತನೆಯದನ್ನು ಬೋರಲು ಹಾಕಿ ಪಕ್ಕಕ್ಕೆ ಇಡುತ್ತೇನೆ. ಮೂರು ಬೆಂಕಿ ಚೆಂಡು ಎಸೆದರೂ ಅದೊಂದು ಉಳಿಯುತ್ತದೆ. ಎರಡು ಗೋಡೆ ಎಬ್ಬಿಸಿದರೆ ಎರಡು ಉಳಿಯುತ್ತವೆ. ಮಾರನೆ ದಿನಕ್ಕೆ 5 ಮಾತ್ರ ಬರುತ್ತದೆ ಅಂದುಕೊಂಡೇ ಯೋಚಿಸುತ್ತೇನೆ. ಅದಕ್ಕಿಂತ ಕಡಿಮೆ ಬರುವುದಿಲ್ಲ ಅಲ್ವಾ. ಬೋರಲು ಕವಡೆಯನ್ನು ಇಲ್ಲಿಯವರೆಗೆ ಒಂದೇ ಸಲ ಮುಟ್ಟಿದ್ದೇನೆ, ಬಿದ್ದ ಗೆಳೆಯನ ಮೇಲೆ ಎರಗಿದ್ದ ತೋಳಗಳನ್ನು ಓಡಿಸಲು. ದಾಳ 14 ತೋರಿಸಿತು. ಆದರೂ ಕೈ ನಡುಗುತ್ತಿತ್ತು.

ಗುಂಪಿನಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದಾನೆ, ಪಿಯುಸಿ ಓದುತ್ತಿದ್ದಾನೆ. ಅವನು ಆಡುವುದು ಡ್ರೂಯಿಡ್, ಅಂದರೆ ಪ್ರಕೃತಿಯ ಶಕ್ತಿಯಿಂದ ಮಂತ್ರ ಹಾಕುವವನು. ಡ್ರೂಯಿಡ್‌ಗೂ ಈ ದಂಡ ಒಲಿಯುತ್ತದೆ. ಒಂದು ಗಂಟೆ ಅದನ್ನೇ ಹಿಡಿದು ಧ್ಯಾನಿಸಿದರೆ ಸಾಕು. "ಅಣ್ಣ, ಒಂದು ವಾರ ಕೊಡು" ಅಂತ ತಿಂಗಳಿಂದ ಕೇಳುತ್ತಿದ್ದ. ಕಳೆದ ಭಾನುವಾರ ಕವಡೆ ಸಮೇತ ಕೊಟ್ಟೆ. ಮೊದಲ ಕಾಳಗದಲ್ಲೇ ಎರಡು ಚೆಂಡು ಎಸೆದ. ಉಳಿದದ್ದು ನಾಲ್ಕು. ಮೂರನೆಯದಕ್ಕೆ ಕೈ ಹಾಕಿದವನು ನಿಲ್ಲಿಸಿ, ಕವಡೆ ಎಣಿಸಿ, "ಅಕ್ಕ, ಬೆಳಗಾಗಲು ಇನ್ನೆಷ್ಟು ಹೊತ್ತು?" ಅಂತ ಕೇಳಿದ. ಇನ್ನೊಂದು ವಾರ ಇಟ್ಟುಕೋ ಅಂದೆ.